ಜಡ್ಡು ಬಂದರೆ ಮೊದಲು ಫೋನಿಗೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆ ಮನೆಯಲ್ಲಿ ಯಾರಿಗಾದರೂ ಜಡ್ಡು ಬಂದರೆ ಹಿಂದಿನಿಂದಲೂ ಒಂದು ಕ್ರಮವಿದೆ. ಮೊದಲು ಅಜ್ಜಿಯ ಕಷಾಯ. ಆಮೇಲೆ ಔಷಧದ ಅಂಗಡಿಯವರು ಕೊಡುವ ಎರಡು ಗುಳಿಗೆ. ಅದಕ್ಕೂ ಬಗ್ಗದಿದ್ದರೆ ಊರಿನ ಡಾಕ್ಟರು. ಕೊನೆಗೆ ವಿಜಯಪುರ; ಇಂಡಿಯವರಾದರೆ ಸೊಲ್ಲಾಪುರ, ಇನ್ನು ಕೆಲವರಿಗೆ ಮಿರಜ. ಈಗ ಈ ಸಾಲಿನ ತುದಿಗೆ, ಕಷಾಯಕ್ಕಿಂತಲೂ ಮೊದಲು, ಹೊಸದೊಂದು ಮೆಟ್ಟಿಲು ಸೇರಿಕೊಂಡಿದೆ. ಮನೆಯ ಹುಡುಗನೋ ಹುಡುಗಿಯೋ ಫೋನು ತೆಗೆದು, ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ಕೇಳುತ್ತಾರೆ. ಅರೆಕ್ಷಣದಲ್ಲಿ ಉತ್ತರ ಬರುತ್ತದೆ. ಉತ್ತರ ಉದ್ದವಾಗಿರುತ್ತದೆ, ಮೃದುವಾಗಿರುತ್ತದೆ, ಬೈಗುಳ ಇರುವುದಿಲ್ಲ.

ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ರಾತ್ರಿ ಹನ್ನೊಂದಕ್ಕೆ ಮಗುವಿಗೆ ಜ್ವರ ಬಂದಾಗ ಮಾತನಾಡಲು ಯಾರೂ ಸಿಗದ ಮನೆಗಳು ಎಷ್ಟೋ ಇವೆ. ದುಡಿಯುವ ಮಕ್ಕಳು ಪುಣೆಯಲ್ಲೋ ಗೋವೆಯಲ್ಲೋ ಇರುತ್ತಾರೆ, ಊರಲ್ಲಿ ಮುದುಕರು ಮಾತ್ರ. ಹೆಣ್ಣುಮಕ್ಕಳು ಮುಟ್ಟಿನ ತೊಂದರೆಯನ್ನು, ಗಂಡಸರು ತಮ್ಮ ಗುಟ್ಟಿನ ತೊಂದರೆಯನ್ನು ಎದುರಿಗೆ ಕುಳಿತ ಮನುಷ್ಯನಿಗೆ ಹೇಳಲು ನಾಚುತ್ತಾರೆ. ಯಂತ್ರಕ್ಕೆ ಹೇಳಲು ನಾಚಿಕೆಯಿಲ್ಲ. ಡಾಕ್ಟರ ಹತ್ತಿರ ನೂರು ಮಂದಿಯ ಪಾಳಿ, ಕೇಳಲು ಎರಡೇ ನಿಮಿಷ. ಹೀಗಿರುವಾಗ ಜನ ಫೋನಿನ ಕಡೆ ಹೊರಳಿದರೆ ಅದನ್ನು ಮೂರ್ಖತನವೆಂದು ಜರಿಯುವುದು ಸರಿಯಲ್ಲ. ಎಲ್ಲಿಯವರೆಗೆ ನಂಬಬೇಕು ಎಂಬುದನ್ನು ತಿಳಿದುಕೊಳ್ಳಬೇಕು, ಅಷ್ಟೆ.

ಎರಡು ಬಗೆಯ ಯಂತ್ರ

ಎ.ಐ. ಎಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ಸಾಮಾನುಗಳಿವೆ. ಒಂದು, ಒಂದೇ ಕೆಲಸ ಕಲಿತ ಯಂತ್ರ. ಲಕ್ಷಗಟ್ಟಲೆ ಇಸಿಜಿ ಅಥವಾ ಎಕ್ಸ್‌ರೇ ಚಿತ್ರಗಳನ್ನು, ತಜ್ಞರು ಕೊಟ್ಟ ಉತ್ತರದ ಸಮೇತ ಅದಕ್ಕೆ ತೋರಿಸಿರುತ್ತಾರೆ. ಹೊಸ ಚಿತ್ರ ಬಂದಾಗ ಅದು ಯಾವ ಗುಂಪಿಗೆ ಹತ್ತಿರ ಎಂದು ಹೇಳುತ್ತದೆ. ಇದು ಆಸ್ಪತ್ರೆಯೊಳಗೆ ಇರುತ್ತದೆ. ರೋಗಿಗೆ ಅದು ಕಾಣುವುದೂ ಇಲ್ಲ.

ಇನ್ನೊಂದು, ಮಾತನಾಡುವ ಯಂತ್ರ. 2022ರ ನವೆಂಬರಿನಲ್ಲಿ ಬಂದ ಚಾಟ್‌ಜಿಪಿಟಿ ಈ ಜಾತಿಯದು. 2024ರಿಂದ ವಾಟ್ಸಾಪ್‌ನೊಳಗೇ ಬಂದು ಕುಳಿತಿರುವ ಸಹಾಯಕನೂ ಇದೇ ಜಾತಿ. ಅಪಾರ ಬರಹವನ್ನು ಓದಿಸಿ, ಒಂದು ಮಾತಿನ ನಂತರ ಯಾವ ಮಾತು ಬರುವ ಸಂಭವ ಹೆಚ್ಚು ಎಂಬುದನ್ನು ಅದಕ್ಕೆ ಕಲಿಸಿರುತ್ತಾರೆ. ಅದು ನಾಡಿ ಹಿಡಿಯುವುದಿಲ್ಲ, ಹೊಟ್ಟೆ ಒತ್ತಿ ನೋಡುವುದಿಲ್ಲ, ನಾಲಗೆ ಒಣಗಿದೆಯೆ ಎಂದು ಕಾಣುವುದಿಲ್ಲ. ನೀವು ಬರೆದ ಅಥವಾ ಆಡಿದ ನಾಲ್ಕು ಮಾತೇ ಅದರ ಪಾಲಿಗೆ ರೋಗಿ. ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ ಅದು ಒಂದೇ ಧೈರ್ಯದಿಂದ ಹೇಳಬಲ್ಲದು. ಮನುಷ್ಯನಾದರೆ ಅನುಮಾನ ಬಂದಾಗ ದನಿ ಸ್ವಲ್ಪವಾದರೂ ತಗ್ಗುತ್ತದೆ.

ನಂಬಿಕೆ, ಅಪನಂಬಿಕೆ

ಯಂತ್ರದೊಂದಿಗೆ ಮನಸ್ಸು ಬಿಚ್ಚುವ ಗುಣ ಇಂದಿನದಲ್ಲ. 1966ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬ ವಿಜ್ಞಾನಿ ‘ಎಲಿಜಾ’ ಎಂಬ ಕಂಪ್ಯೂಟರ್ ಕಾರ್ಯಕ್ರಮ ರಚಿಸಿದರು. ಮನೋವೈದ್ಯರಂತೆ, ನೀವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುವುದಷ್ಟೇ ಅದರ ಕೆಲಸ. ಅದರಲ್ಲಿ ಬುದ್ಧಿ ಏನೂ ಇರಲಿಲ್ಲ. ಆದರೆ ಅದು ತಯಾರಾಗುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ, ಅದರೊಂದಿಗೆ ನಾಲ್ಕು ಮಾತಾಡುತ್ತಲೇ, ದಯವಿಟ್ಟು ಕೋಣೆಯಿಂದ ಹೊರಗೆ ಹೋಗಿ ಎಂದು ಅವರನ್ನು ಕೇಳಿಕೊಂಡರಂತೆ! ವೈಜೆನ್‌ಬಾಮ್ ಆಮೇಲೆ ಬಹಳ ಕಾಲ ಈ ಬಗ್ಗೆ ಎಚ್ಚರಿಸುತ್ತಲೇ ಇದ್ದರು.

ಇದರ ಇನ್ನೊಂದು ಮುಖವೂ ಇದೆ. 2019ರಲ್ಲಿ ಲಾಂಗೋನಿ ಮತ್ತು ಸಂಗಡಿಗರು ಗ್ರಾಹಕರ ಮೇಲೆ ನಡೆಸಿದ ಅಧ್ಯಯನಗಳನ್ನು ಪ್ರಕಟಿಸಿದರು. ಯಂತ್ರವೂ ವೈದ್ಯರೂ ಸಮನಾಗಿ ನಿಖರ ಎಂದು ಹೇಳಿದರೂ ಜನ ಯಂತ್ರದ ಚಿಕಿತ್ಸೆಗೆ ಹಿಂಜರಿದರು. ಕಾರಣ ಸ್ವಾರಸ್ಯಕರವಾಗಿದೆ: ‘ನನ್ನ ದೇಹ ಎಲ್ಲರ ಹಾಗಲ್ಲ, ನನ್ನ ವಿಶೇಷ ಯಂತ್ರಕ್ಕೆ ತಿಳಿಯದು’ ಎಂಬ ಭಾವನೆ. ನಮ್ಮ ಕಡೆಯವರು ‘ನನ್ನ ಪ್ರಕೃತಿ ಬ್ಯಾರೆ ಅದ್ರೀ ಸಾಹೇಬ್ರ’ ಎನ್ನುತ್ತಾರಲ್ಲ, ಅದೇ. ಆದರೆ ಯಂತ್ರ ಕೇವಲ ಸಲಹೆ ಕೊಡುತ್ತದೆ, ಕೊನೆಯ ತೀರ್ಮಾನ ವೈದ್ಯರದು ಎಂದು ತಿಳಿಸಿದಾಗ ಈ ಹಿಂಜರಿಕೆ ಕಡಿಮೆಯಾಯಿತು.

2023ರ ಅಧ್ಯಯನವೊಂದರಲ್ಲಿ ಜನಸಾಮಾನ್ಯರು ಕೇಳಿದ 195 ಪ್ರಶ್ನೆಗಳಿಗೆ ವೈದ್ಯರ ಉತ್ತರವನ್ನೂ ಚಾಟ್‌ಜಿಪಿಟಿಯ ಉತ್ತರವನ್ನೂ ಹೆಸರು ಮರೆಮಾಡಿ ಆರೋಗ್ಯ ತಜ್ಞರ ಮುಂದಿಟ್ಟರು. ನೂರಕ್ಕೆ ಸುಮಾರು 79 ಸಲ ಅವರಿಗೆ ಯಂತ್ರದ ಉತ್ತರವೇ ಹಿಡಿಸಿತು. ಅನುಕಂಪ ಅದರಲ್ಲೇ ಹೆಚ್ಚು ಕಂಡಿತು. ವೈದ್ಯರ ಉತ್ತರ ಸರಾಸರಿ 52 ಪದ, ಯಂತ್ರದ್ದು 211. ವೈದ್ಯರು ಇದನ್ನು ಓದಿ ಸಿಟ್ಟಾಗುವ ಬದಲು ರೋಗಿಯ ಜತೆ ಇನ್ನೊಂದು ನಿಮಿಷ ಮಾತಾಡಿದರೆ ಒಳ್ಳೆಯದು. ಆದರೆ ಓದುಗರು ಗಮನಿಸಬೇಕಾದ ಮಾತೊಂದಿದೆ. ಸಿಹಿಯಾಗಿ ಮಾತಾಡುವವನೆಲ್ಲ ಸರಿಯಾಗಿ ಹೇಳುತ್ತಾನೆ ಎಂದು ನಾವು ಸಂತೆಯಲ್ಲಿ ಎಂದೂ ನಂಬುವುದಿಲ್ಲ; ಫೋನಿನ ಮುಂದೆ ಮಾತ್ರ ಏಕೆ ನಂಬಬೇಕು?

ಪ್ರಶ್ನೆಯಲ್ಲೇ ಅಡಗಿದ ತಪ್ಪು

ಯಂತ್ರ ತಪ್ಪು ಹೇಳುವುದಕ್ಕಿಂತ ದೊಡ್ಡ ಅಪಾಯ ಬೇರೆಯೇ ಇದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದರ ಅಧ್ಯಯನ 2025ರಲ್ಲಿ ಹೊರಬಂತು. ಬ್ರಿಟನ್ನಿನ 1,298 ಸಾಮಾನ್ಯ ಜನರಿಗೆ ವೈದ್ಯರು ರಚಿಸಿದ ಕಾಯಿಲೆಯ ಸನ್ನಿವೇಶಗಳನ್ನು ಕೊಟ್ಟು, ಏನಾಗಿರಬಹುದು, ಎಲ್ಲಿಗೆ ಹೋಗಬೇಕು ಎಂದು ಕೇಳಿದರು. ಇಡೀ ಸನ್ನಿವೇಶವನ್ನು ನೇರವಾಗಿ ಯಂತ್ರಕ್ಕೇ ಕೊಟ್ಟಾಗ ಅದು ನೂರಕ್ಕೆ ಸುಮಾರು 95 ಸಲ ಸಂಬಂಧಪಟ್ಟ ಕಾಯಿಲೆಯನ್ನು ಗುರುತಿಸಿತು. ಅದೇ ಯಂತ್ರವನ್ನು ಜನರ ಕೈಗೆ ಕೊಟ್ಟು ಅವರೇ ಕೇಳಲಿ ಎಂದು ಬಿಟ್ಟಾಗ ಈ ಪ್ರಮಾಣ ನೂರಕ್ಕೆ 35ರ ಒಳಗೆ ಇಳಿಯಿತು. ಯಂತ್ರವಿಲ್ಲದೆ ತಮಗೆ ತಿಳಿದ ರೀತಿಯಲ್ಲಿ ಹುಡುಕಿದವರಿಗಿಂತ ಯಂತ್ರ ಹಿಡಿದವರು ಮೇಲಾಗಲಿಲ್ಲ.

ಹೀಗೇಕೆ? ಜನ ಎಲ್ಲವನ್ನೂ ಹೇಳಲಿಲ್ಲ. ಯಾವುದು ಮುಖ್ಯ ಎಂಬುದು ರೋಗಿಗೆ ತಿಳಿಯುವುದಿಲ್ಲ. ಅದನ್ನು ಕೆದಕಿ ಕೇಳುವುದೇ ವೈದ್ಯನ ವಿದ್ಯೆ. ಮೆದುಳಿನ ಹೊದಿಕೆಯಡಿ ರಕ್ತಸ್ರಾವವಾದ ಒಂದೇ ಸನ್ನಿವೇಶವನ್ನು ಇಬ್ಬರು ಸ್ವಲ್ಪ ಬೇರೆ ಮಾತಿನಲ್ಲಿ ವಿವರಿಸಿದಾಗ ಒಬ್ಬರಿಗೆ ತಕ್ಷಣ ಆಸ್ಪತ್ರೆಗೆ ಹೋಗಿ ಎಂದೂ ಇನ್ನೊಬ್ಬರಿಗೆ ಕತ್ತಲ ಕೋಣೆಯಲ್ಲಿ ಮಲಗಿ ಎಂದೂ ಉತ್ತರ ಬಂದಿತ್ತು.

ಇದನ್ನು ನಮ್ಮ ಊರಿಗೆ ತಂದು ನೋಡೋಣ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಿದೆ. ಅಂಥ ಊರಿನಲ್ಲಿ ಎದೆಯುರಿ ಎಂದರೆ ಮೊದಲ ಮದ್ದು ಲಿಂಬೆ ಸೋಡಾ ಆಗಿರುವುದು ಸಹಜ. ಐವತ್ತೈದು ವರ್ಷದ ತಂದೆ ತೋಟದಿಂದ ಬಂದು ‘ಎದಿ ಹಿಡದಂಗ ಆಗ್ಯಾದ, ಗ್ಯಾಸ್ ಇರಬೇಕು’ ಎನ್ನುತ್ತಾನೆ ಎಂದಿಟ್ಟುಕೊಳ್ಳಿ. ಮಗ ಫೋನಿಗೆ ಕೇಳುವುದು ಏನು? ‘ಗ್ಯಾಸಿನಿಂದ ಎದೆ ಉರಿದರೆ ಏನು ಮಾಡಬೇಕು?’ ಕಾಯಿಲೆ ಯಾವುದೆಂದು ಅಪ್ಪ ಮಗ ಇಬ್ಬರೂ ಆಗಲೇ ತೀರ್ಮಾನಿಸಿಬಿಟ್ಟರು. ಯಂತ್ರ ಗ್ಯಾಸಿಗೆ ಸರಿಯಾದ ಉತ್ತರವನ್ನೇ ಕೊಡುತ್ತದೆ. ಬೆವರು ಬಂದಿತ್ತು, ಎಡಗೈ ಜೋಮು ಹಿಡಿದಿತ್ತು, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಬೀಡಿ ಸೇದುತ್ತಾನೆ ಎಂಬ ಮಾತುಗಳು ಪ್ರಶ್ನೆಯಲ್ಲಿ ಇರಲೇ ಇಲ್ಲ. ಊರಿನ ಡಾಕ್ಟರಾದರೆ ಬಾಗಿಲಲ್ಲಿ ಆತನ ಮುಖ ನೋಡಿಯೇ ಅರ್ಧ ಗ್ರಹಿಸುತ್ತಿದ್ದರು.

ಆದುದರಿಂದ ಕೇಳುವುದೇ ಆದರೆ ಕಾಯಿಲೆಯ ಹೆಸರು ಹೇಳಬೇಡಿ, ಲಕ್ಷಣ ಹೇಳಿ. ವಯಸ್ಸು, ಗಂಡೋ ಹೆಣ್ಣೋ, ಯಾವಾಗ ಶುರುವಾಯಿತು, ಮೊದಲಿನಿಂದ ಏನು ಕಾಯಿಲೆ ಇದೆ, ಯಾವ ಗುಳಿಗೆ ನುಂಗುತ್ತಿದ್ದಾರೆ, ಹೆಣ್ಣಾದರೆ ಗರ್ಭಿಣಿಯೆ ಎಂಬುದನ್ನೆಲ್ಲ ಹೇಳಿ. ‘ಇದರಲ್ಲಿ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಅಪಾಯ ಏನಿರಬಹುದು, ಇನ್ನೇನು ವಿವರ ಬೇಕು ಕೇಳು’ ಎಂದು ಅದನ್ನೇ ಒತ್ತಾಯಿಸಿ. ಆದರೆ ಎದೆ ಹಿಡಿದಾಗ, ಉಸಿರು ಕಟ್ಟಿದಾಗ, ಮುಖ ಸೊಟ್ಟಗಾಗಿ ಒಂದು ಕೈ ಸೋತಾಗ, ಮಗು ಮಂಕಾಗಿ ಹಾಲು ಬಿಟ್ಟಾಗ ಏನನ್ನೂ ಕೇಳಬೇಡಿ. ಆಗ ಫೋನು ಇರುವುದು 108ಕ್ಕೆ ಕರೆ ಮಾಡಲು.

ಉಪ್ಪಿನ ಬದಲು ಬ್ರೋಮೈಡ್

2025ರ ಆಗಸ್ಟಿನಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವಿಚಿತ್ರ ಪ್ರಕರಣವೊಂದು ವರದಿಯಾಯಿತು. 60 ವರ್ಷದ ವ್ಯಕ್ತಿಯೊಬ್ಬ ಉಪ್ಪು ಕೆಟ್ಟದ್ದೆಂದು ಓದಿದ್ದ. ಉಪ್ಪು ಎಂದರೆ ಸೋಡಿಯಂ ಕ್ಲೋರೈಡ್. ಊಟದಿಂದ ಕ್ಲೋರೈಡನ್ನೇ ತೆಗೆದುಹಾಕಬೇಕೆಂದು ಆತನ ಹಟ. ಚಾಟ್‌ಜಿಪಿಟಿಯೊಂದಿಗೆ ಚರ್ಚಿಸಿದ ಮೇಲೆ ಆತ ಸೋಡಿಯಂ ಬ್ರೋಮೈಡ್ ತರಿಸಿಕೊಂಡು ಮೂರು ತಿಂಗಳು ಉಪ್ಪಿನ ಬದಲು ಬಳಸಿದ. ಪಕ್ಕದ ಮನೆಯವ ತನಗೆ ವಿಷ ಹಾಕುತ್ತಿದ್ದಾನೆ ಎಂಬ ಸಂಶಯದೊಂದಿಗೆ ಆಸ್ಪತ್ರೆಗೆ ಬಂದ, ಇಲ್ಲದ್ದನ್ನು ಕಾಣತೊಡಗಿದ. ಅದು ಬ್ರೋಮೈಡ್ ವಿಷಬಾಧೆ. ಬ್ರೋಮೈಡನ್ನು ನಿದ್ದೆಯ ಮದ್ದಾಗಿ ಕೊಡುತ್ತಿದ್ದ ನೂರು ವರ್ಷಗಳ ಹಿಂದೆ ಸಾಮಾನ್ಯವಾಗಿದ್ದ, ಈಗ ವೈದ್ಯರು ಮರೆತೇಬಿಟ್ಟಿದ್ದ ತೊಂದರೆ!

ಆತನಿಗೆ ಯಂತ್ರ ನಿಖರವಾಗಿ ಏನು ಹೇಳಿತ್ತೆಂಬುದನ್ನು ವೈದ್ಯರು ನೋಡಲಾಗಲಿಲ್ಲ. ತಾವೇ ಕೇಳಿ ನೋಡಿದಾಗ, ಕ್ಲೋರೈಡಿಗೆ ಬದಲಿಯಾಗಿ ಬ್ರೋಮೈಡಿನ ಹೆಸರು ಬಂತು; ಸಂದರ್ಭ ನೋಡಬೇಕು ಎಂಬ ಮಾತಿತ್ತು, ಆದರೆ ತಿನ್ನಬಾರದು ಎಂಬ ಎಚ್ಚರಿಕೆ ಇರಲಿಲ್ಲ. ರಸಾಯನಶಾಸ್ತ್ರದ ಕೆಲವು ಕೆಲಸಗಳಲ್ಲಿ ಒಂದರ ಬದಲು ಇನ್ನೊಂದನ್ನು ಬಳಸಬಹುದು, ಅಡುಗೆಮನೆಯಲ್ಲಿ ಅಲ್ಲ. ‘ಯಾತಕ್ಕೆ ಬೇಕಾಗಿತ್ತು?’ ಎಂಬ ಒಂದು ಪ್ರಶ್ನೆಯನ್ನು ಯಾವ ಮನುಷ್ಯನಾದರೂ ಕೇಳುತ್ತಿದ್ದ.

ನಮ್ಮಲ್ಲಿ ಬ್ರೋಮೈಡ್ ಯಾರೂ ತಿನ್ನುವುದಿಲ್ಲ ಎಂದು ಸಮಾಧಾನಪಡುವಂತಿಲ್ಲ. ಮಕ್ಕಳ ಜ್ವರದ ಔಷಧವನ್ನೇ ನೋಡಿ. ಪ್ಯಾರಾಸಿಟಮಾಲ್ ಹನಿಗಳ ಬಾಟಲಿಯಲ್ಲಿ 1 ಮಿ.ಲೀ.ಗೆ 100 ಮಿ.ಗ್ರಾಂ. ಔಷಧ ಇರುತ್ತದೆ. ಸಿರಪ್ಪಿನಲ್ಲಿ 5 ಮಿ.ಲೀ.ಗೆ 120–125 ಮಿ.ಗ್ರಾಂ., ಇನ್ನೊಂದು ಬಗೆಯಲ್ಲಿ 250. ಹತ್ತು ಕಿಲೋ ತೂಗುವ ಮಗುವಿಗೆ ಒಂದು ಸಲಕ್ಕೆ ಬೇಕಾಗುವುದು 100ರಿಂದ 150 ಮಿ.ಗ್ರಾಂ. ಮಾತ್ರ. ‘ಒಂದು ವರ್ಷದ ಮಗುವಿಗೆ ಜ್ವರದ ಔಷಧ ಎಷ್ಟು?’ ಎಂದು ಕೇಳಿ, 5 ಮಿ.ಲೀ. ಎಂಬ ಉತ್ತರ ಪಡೆದು, ಮನೆಯಲ್ಲಿದ್ದ ಹನಿಯ ಬಾಟಲಿಯಿಂದ ಅಷ್ಟನ್ನೂ ಕುಡಿಸಿದರೆ 500 ಮಿ.ಗ್ರಾಂ. ಒಳಗೆ ಹೋಯಿತು. ಯಂತ್ರ ಸುಳ್ಳು ಹೇಳಲಿಲ್ಲ; ಅದು ಬಾಟಲಿಯನ್ನು ನೋಡಿರಲಿಲ್ಲ. ಪ್ರಮಾಣವನ್ನು ಯಾವಾಗಲೂ ಚೀಟಿ ಬರೆದ ವೈದ್ಯರಿಂದ ಅಥವಾ ಬಾಟಲಿ ಕೈಯಲ್ಲಿ ಹಿಡಿದ ಔಷಧ ಅಂಗಡಿಯವರಿಂದಲೇ ಕೇಳಿರಿ.

ನಮ್ಮ ಮಾತು ಅದಕ್ಕೆ ತಿಳಿಯುವುದೆ?

ವಿಜಯಪುರದ ಕಡೆಯ ಮಾತಿನಲ್ಲಿ ಜಡ್ಡು ಎಂದರೆ ಕಾಯಿಲೆ. ತೆಂಕಣದವರಿಗೆ ಅದು ಕೈಗೆ ಕಟ್ಟುವ ಗಟ್ಟಿ ಚರ್ಮ, ಇಲ್ಲವೆ ಸೋಮಾರಿತನ. ಬ್ಯಾನಿ ಎಂದರೆ ನೋವು, ಹೆರಿಗೆಯ ನೋವೂ ಹೌದು. ‘ಹೊಟ್ಟಿ ಝಾಡಸಾಕ ಹತ್ತ್ಯಾದ’ ಎಂದರೆ ಭೇದಿ. ಇದೆಲ್ಲ ಅಚ್ಚಾದ ಪುಸ್ತಕಗಳಲ್ಲಿ ಅಪರೂಪ. ಯಂತ್ರ ಕಲಿತದ್ದು ಅಚ್ಚಾದ ಮಾತಿನಿಂದ, ಅದರಲ್ಲೂ ಬಹುಪಾಲು ಇಂಗ್ಲಿಷಿನಿಂದ. ಈ ಕೊರತೆ ತುಂಬಲು ಪ್ರಯತ್ನಗಳೂ ನಡೆದಿವೆ. 2023ರಲ್ಲಿ ಕರ್ನಾಟಕದ ಹಳ್ಳಿಗಳ ಜನ ಕನ್ನಡ ವಾಕ್ಯಗಳನ್ನು ಫೋನಿನಲ್ಲಿ ಓದಿ ಧ್ವನಿಮುದ್ರಿಸಿ ಕೊಟ್ಟರು. ಕ್ಷಯರೋಗದ ಬಗ್ಗೆ ಕನ್ನಡದಲ್ಲೇ ಮಾತನಾಡುವ ಯಂತ್ರ ರೂಪಿಸುವ ಯೋಜನೆ ಅದು. ಓದಿದವರಿಗೆ ದುಡ್ಡೂ ಸಿಕ್ಕಿತು. ಅಷ್ಟರ ಮಟ್ಟಿಗೆ ಒಳ್ಳೆಯ ಕೆಲಸ. ಸದ್ಯಕ್ಕೆ ಮನೆಯ ಹಿರಿಯರು ಆಡುಮಾತಿನಲ್ಲಿ ಹೇಳಿದ್ದನ್ನು ಯಂತ್ರ ಹೇಗೆ ಬರೆದುಕೊಂಡಿತು ಎಂದು ಪರದೆಯ ಮೇಲೆ ಓದಿ ನೋಡಿದ ಮೇಲೆಯೇ ಉತ್ತರಕ್ಕೆ ಕಿವಿಗೊಡಿ.

ಆಸ್ಪತ್ರೆಯೊಳಗಿನ ಯಂತ್ರ

ಮೊದಲ ಬಗೆಯ ಯಂತ್ರದ ಬಗ್ಗೆ ಜನರಿಗೆ ಗೊತ್ತಿರುವುದು ಕಡಿಮೆ. ಆದರೆ ಜೀವ ಉಳಿಸುವ ಕೆಲಸ ಹೆಚ್ಚಾಗಿ ಅದೇ ಮಾಡುತ್ತಿದೆ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರಿನಲ್ಲಿ 46ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡರು. ಅವರ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯನ್ನು ರಾಜ್ಯ ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ಸಹಯೋಗದಲ್ಲಿ 2023ರಲ್ಲಿ ಆರಂಭಿಸಿತು. ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದರೆ ಎ.ಐ. ನೆರವಿನಿಂದ ಅದನ್ನು ಓದಿ, ತಜ್ಞರ ಅಭಿಪ್ರಾಯ ಕೆಲವೇ ನಿಮಿಷಗಳಲ್ಲಿ ಬರುತ್ತದೆ. ತೀವ್ರ ಹೃದಯಾಘಾತವೆಂದು ಖಚಿತವಾದರೆ ರಕ್ತದ ಗೆಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಇಂಡಿಯಿಂದ ವಿಜಯಪುರಕ್ಕೆ ಸುಮಾರು ಐವತ್ತು ಕಿಲೋಮೀಟರ್. ರಕ್ತ ಸಿಗದ ಹೃದಯದ ಸ್ನಾಯು ಅಷ್ಟು ಹೊತ್ತು ಕಾಯುವುದಿಲ್ಲ; ಹತ್ತಿರದಲ್ಲೇ ಚುಚ್ಚುಮದ್ದು ಸಿಕ್ಕರೆ ಅದರ ಬೆಲೆ ಬೇರೆ. ‘ಮಷಿನ್ ನೋಡಿ ಏನ ಹೇಳತದ, ನೇರ ಸೊಲ್ಲಾಪುರಕ್ಕೇ ಒಯ್ಯೋಣ’ ಎಂದು ತಾಲ್ಲೂಕು ಆಸ್ಪತ್ರೆಯನ್ನು ದಾಟಿ ಗಾಡಿ ಓಡಿಸುವ ಮನೆಯವರು ಇದನ್ನು ನೆನಪಿಡಬೇಕು.

ಕ್ಷಯದ ವಿಷಯವೂ ಹೀಗೆಯೇ. 15 ವರ್ಷ ಮೇಲ್ಪಟ್ಟವರ ಎದೆಯ ಎಕ್ಸ್‌ರೇಯನ್ನು ತಪಾಸಣೆಗಾಗಿ ಕಂಪ್ಯೂಟರ್ ಓದಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಪ್ಪಿತು. 2024ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ನೂರು ದಿನಗಳ ಅಭಿಯಾನದಲ್ಲಿ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರಗಳು ಹಳ್ಳಿಗಳಿಗೆ ಹೋದವು. ಯಂತ್ರ ‘ಸಂಶಯ’ ಎಂದರೆ ಟಿ.ಬಿ. ಇದೆ ಎಂದಲ್ಲ, ಕಫ ಪರೀಕ್ಷೆ ಆಗಬೇಕು ಎಂದು. ಕೆಲವರು ಅಷ್ಟಕ್ಕೇ ಹೆದರಿ ಊರು ಬಿಡುತ್ತಾರೆ. ಯಂತ್ರ ‘ಸರಿ ಇದೆ’ ಎಂದ ಮೇಲೂ ಎರಡು ವಾರ ಕಳೆದು ಕೆಮ್ಮು ನಿಲ್ಲದಿದ್ದರೆ ಮತ್ತೆ ತೋರಿಸಲೇಬೇಕು.

ಯಂತ್ರ ಸೋಲುವುದೂ ಉಂಟು. ಸಕ್ಕರೆ ಕಾಯಿಲೆಯವರ ಕಣ್ಣಿನ ಪೊರೆಯನ್ನಲ್ಲ, ಒಳಪರದೆಯನ್ನು ಪರೀಕ್ಷಿಸುವ ಎ.ಐ. ಪ್ರಯೋಗದಲ್ಲಿ ತಜ್ಞರಿಗೆ ಸರಿಸಮವಾಗಿತ್ತು. ಥೈಲೆಂಡಿನ 11 ಚಿಕಿತ್ಸಾಲಯಗಳಲ್ಲಿ ಅದನ್ನು ಬಳಸಿದ ಅನುಭವ 2020ರಲ್ಲಿ ಪ್ರಕಟವಾಯಿತು. ಬೆಳಕು ಸರಿಯಿಲ್ಲದೆ, ಕೋಣೆ ಕತ್ತಲಾಗದೆ ತೆಗೆದ ಚಿತ್ರಗಳಲ್ಲಿ ಐದರಲ್ಲೊಂದನ್ನು ಯಂತ್ರ ಓದಲು ಒಪ್ಪಲಿಲ್ಲ. ಇಂಟರ್‌ನೆಟ್ ನಿಧಾನವಾಗಿ ಪಾಳಿ ಬೆಳೆಯಿತು. ಕಣ್ಣಲ್ಲಿ ಏನೂ ತೊಂದರೆ ಕಾಣದವರೂ ಬೇರೆ ಊರಿನ ಆಸ್ಪತ್ರೆಗೆ ಓಡಾಡಬೇಕಾಯಿತು. ಕೂಲಿ ಬಿಟ್ಟು ಬಂದವರಿಗೆ ಇದು ಸಣ್ಣ ಮಾತಲ್ಲ.

ಇನ್ನು, ವೈದ್ಯರ ಮುಖವನ್ನೇ ಕದಿಯುವ ಎ.ಐ. ಬೇರೆ ಇದೆ. ಹೆಸರಾಂತ ಡಾಕ್ಟರು ಗುಳಿಗೆಯನ್ನೋ ಪುಡಿಯನ್ನೋ ಹೊಗಳುವಂತೆ ಕಾಣುವ ವಿಡಿಯೋಗಳು ಮೊಬೈಲಿನಲ್ಲಿ ಹರಿದಾಡುತ್ತವೆ. ಹೃದ್ರೋಗ ತಜ್ಞ ಡಾ. ದೇವಿ ಶೆಟ್ಟಿ ಅವರು ತಮ್ಮ ಹೆಸರು, ಚಿತ್ರಗಳ ಇಂಥ ದುರ್ಬಳಕೆಯ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಗಬೇಕಾಯಿತು. ಸಕ್ಕರೆ ಕಾಯಿಲೆ ಒಂದೇ ವಾರದಲ್ಲಿ ಬೇರುಸಹಿತ ಹೋಗುತ್ತದೆ ಎಂದು ಯಾವ ಡಾಕ್ಟರ ಮುಖ ಹೇಳಿದರೂ ಅದು ಆ ಡಾಕ್ಟರಲ್ಲ. ರಕ್ತ ಪರೀಕ್ಷೆಯ ವರದಿಯ ಫೋಟೋ ಕಳಿಸಿ ಅರ್ಥ ಕೇಳುವುದು ತಪ್ಪಲ್ಲ, ಬಹಳ ಜನಕ್ಕೆ ಅದರಿಂದ ಅನುಕೂಲವೂ ಆಗಿದೆ. ಆದರೆ ಹೆಸರು, ಫೋನ್ ಸಂಖ್ಯೆ ಇರುವ ಮೇಲ್ಭಾಗವನ್ನು ಕೈಯಿಂದ ಮುಚ್ಚಿ ಫೋಟೋ ತೆಗೆಯಿರಿ. ಮನಸ್ಸಿನ ಸಂಕಟಕ್ಕೆ ನಡುರಾತ್ರಿ ಯಂತ್ರದ ಜತೆ ಮಾತಾಡುವವರಿಗೆ 14416 ಎಂಬ ‘ಟೆಲಿ ಮಾನಸ್’ ಸಂಖ್ಯೆ 2022ರಿಂದ ಇದೆ. ದಿನದ 24 ಗಂಟೆ, ಉಚಿತ, ಆ ಕಡೆ ಇರುವುದು ಮನುಷ್ಯರು.

ಹಾವು ಕಚ್ಚಿದಾಗ

ಕೊನೆಯದಾಗಿ, ಹೊಲದಲ್ಲಿ ದುಡಿಯುವವರಿಗೆ ಒಂದು ಮಾತು. ಹಾವಿನ ಫೋಟೋ ತೆಗೆದು ಯಾವ ಹಾವೆಂದು ಫೋನಿಗೆ ಕೇಳುವುದು ಈಗ ಸಾಧ್ಯವಿದೆ. ಇದಕ್ಕಾಗಿ ಹಾವಿನ ಹಿಂದೆ ಓಡಿ ಇನ್ನೊಮ್ಮೆ ಕಚ್ಚಿಸಿಕೊಳ್ಳುವ ಅಪಾಯ ಒಂದು ಕಡೆ; ‘ವಿಷವಿಲ್ಲದ ಹಾವು’ ಎಂಬ ಉತ್ತರ ನಂಬಿ ಮನೆಯಲ್ಲೇ ಕೂರುವ ಅಪಾಯ ಇನ್ನೊಂದು ಕಡೆ. ವಾಸ್ತವವಾಗಿ ಆಸ್ಪತ್ರೆಗೆ ಹೊರಡಲು ಹಾವಿನ ಹೆಸರು ಬೇಕಾಗಿಯೇ ಇಲ್ಲ. ನಮ್ಮಲ್ಲಿ ಕೊಡುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ. ಕೊಡಬೇಕೋ ಬೇಡವೋ ಎಂದು ವೈದ್ಯರು ನಿರ್ಧರಿಸುವುದು ಲಕ್ಷಣಗಳನ್ನು ನೋಡಿ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಲೇಬೇಕೆಂದು ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಆದೇಶ ಹೊರಡಿಸಿದೆ.

ಕಟ್ಟುಹಾವಿನ ವಿಷಯದಲ್ಲಂತೂ ಫೋನು ಪೂರ್ತಿ ದಾರಿ ತಪ್ಪಿಸಬಹುದು. ಅದು ರಾತ್ರಿ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು ಇಲ್ಲವೆನ್ನುವಷ್ಟು ಕಡಿಮೆ, ಗಾಯ ಕಣ್ಣಿಗೆ ಬೀಳುವುದೇ ಇಲ್ಲ. ಬೆಳಗಿನ ಜಾವ ಹೊಟ್ಟೆ ನೋವೆಂದು ಏಳುತ್ತಾರೆ. ‘ಬೆಳಗ್ಗೆ ಹೊಟ್ಟೆ ನೋವಿಗೆ ಏನು ಮಾಡಬೇಕು?’ ಎಂದು ಕೇಳಿದರೆ ಅಜೀರ್ಣದ ಉಪಚಾರ ಬರುತ್ತದೆ. ನೆಲದ ಮೇಲೆ ಮಲಗಿದವರು ಹೊಟ್ಟೆ ನೋವು, ಗಂಟಲು ನೋವು ಎಂದು ಎದ್ದು, ಕಣ್ಣಿನ ರೆಪ್ಪೆ ಎತ್ತಲಾಗದೆ ಜೋತುಬಿದ್ದರೆ, ಮಾತು ತೊದಲಿದರೆ, ಕಡಿತದ ಗುರುತು ಸಿಗಲಿ ಬಿಡಲಿ, ಅವರನ್ನು ನಡೆಸದೆ ಎತ್ತಿಕೊಂಡು, ಉಸಿರಾಟಕ್ಕೆ ನೆರವು ಕೊಡುವ ಸೌಕರ್ಯವಿರುವ ಆಸ್ಪತ್ರೆಗೆ ಒಯ್ಯಿರಿ. ದಾರಿಯಲ್ಲಿ ಇರುವಾಗಲೇ ಆ ಆಸ್ಪತ್ರೆಗೆ ಫೋನು ಮಾಡಿ, ಪ್ರತಿವಿಷ ಇದೆಯೆ ಎಂದು ಕೇಳಿಕೊಳ್ಳಿ.